ಅಲಂಪು, ಯಾರಿಗೆ ಹೇಳಿದ್ದು?

"ಈ ಪದ ಸತ್ತಿದೆ."

ನಿಘಂಟು ಕಚೇರಿಯ ಸಂಪಾದಕ ತಲೆಯೆತ್ತದೆ ಹೇಳಿದ. ಅವನ ಬೆರಳ ತುದಿಯಲ್ಲಿ ಅವಳು ಬರೆದುಕೊಟ್ಟ ಪದದ ಚೀಟಿ. ಕರಡು ತಿದ್ದುವ ಕೆಲಸಕ್ಕೆ ಸೇರಿ ಅವಳಿಗೆ ಅಂದು ಮೂರನೆಯ ದಿನ.

"ಸತ್ತಿಲ್ಲ! ನಮ್ಮಜ್ಜಿ ದಿನಾ ಹೇಳ್ತಿದ್ರು."

"ಅಲಂಪು... ಸಂತೋಷ, ಸೊಗಸು. ಹಳಗನ್ನಡ ಕಾವ್ಯದಲ್ಲಿ ಸಿಗುತ್ತೆ, ಬಾಯಲ್ಲಿ ಸಿಗಲ್ಲ. ಅಜ್ಜಿನ ಕರ್ಕೊಂಡ್ ಬನ್ನಿ."

"ಅಜ್ಜಿ ಹೋಗಿ ಎಂಟು ತಿಂಗಳಾಯ್ತು."

ಈಗ ಅವನು ತಲೆಯೆತ್ತಿದ. ಅಯ್ಯೋ, ಈ ಸಿಡುಕನ ಕಣ್ಣು ಇಷ್ಟು ಮೆತ್ತಗಿದೆಯಾ!

ಅವನು ಚೀಟಿಯ ಕೊನೆಯ ಖಾಲಿ ಗೆರೆ ತೋರಿಸಿದ. ‘ಯಾರಿಗೆ ಹೇಳಿದ್ದು?’

"ನೀವು ಈ ಪದನ ಯಾರಿಗಾದ್ರೂ ಹೇಳಿದ್ರೆ ಇಲ್ಲಿ ಬರೀರಿ. ಶುಕ್ರವಾರ ಅಚ್ಚಿಗೆ ಹೋಗುತ್ತೆ. ಖಾಲಿ ಇದ್ರೆ ‘ಬಳಕೆಯಲ್ಲಿಲ್ಲ’ ಅಂತ ಹಾಕ್ತೀವಿ."

ಯಾರಿಗೆ?

ಅವಳ ಬಾಡಿಗೆ ಕೋಣೆಯಲ್ಲಿ ಒಂದು ತಟ್ಟೆ, ಒಂದು ಬಟ್ಟಲು, ಒಂದು ಲೋಟ. ಬೀಗ ತೆಗೆದರೆ "ಬಂದ್ಯಾ?" ಎನ್ನುವವರಿಲ್ಲ. ಅಜ್ಜಿಯ ಕಥೆಗಳೆಲ್ಲ ಮುಗಿಯುತ್ತಿದ್ದುದು ಒಂದೇ ಮಾತಿನಲ್ಲಿ: "ಇಬ್ಬರಿಗೂ ಅಲಂಪಾಯ್ತು." ‘ಸಂತೋಷ ಒಬ್ಬರಿಗೂ ಆಗುತ್ತೆ ಮಗಾ, ಅಲಂಪಿಗೆ ಇಬ್ಬರು ಬೇಕು...’

ಗುರುವಾರ ಕಚೇರಿಯ ಬಾಗಿಲಲ್ಲೇ ಅವನ ದನಿ ಕೇಳಿತು. ಟೈಪ್ ಮಾಡುವ ಅಕ್ಕನಿಗೆ ಹೇಳುತ್ತಿದ್ದ: "ಆ ಹುಡುಗಿಗೆ ಹೇಳ್ಕೊಳ್ಳೋಕೂ ಯಾರೂ ಇಲ್ಲ, ಅಕ್ಕ."

ಅಕ್ಕ ಕಿಸಕ್ಕನೆ ನಕ್ಕಳು.

ನನ್ನ ಒಂಟಿತನ ಇವರಿಗೆ ತಮಾಷೆ!

ಅವಳು ಒಳಗೆ ಹೋಗಿ, ಖಾಲಿ ಗೆರೆಯಲ್ಲಿ ‘ಗೋಡೆಗೆ’ ಎಂದು ಬರೆದು, ಚೀಟಿಯನ್ನು ಅವನ ಮೇಜಿನ ಮೇಲಿಟ್ಟು ಹೊರಟುಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಅವಳ ಕೋಣೆಯ ಬಾಗಿಲು ಬಡಿದ ಸದ್ದು. ಅವನು! ಕೈಯಲ್ಲಿ ಅದೇ ಚೀಟಿ.

"ಗೋಡೆಯ ಸಾಕ್ಷಿ ನಡೆಯಲ್ಲ."

"ಇನ್ನೂ ನಗೋದು ಬಾಕಿ ಇದೆಯಾ?"

"ಅಕ್ಕ ನಕ್ಕಿದ್ದು ನನ್ನನ್ನ ನೋಡಿ. ‘ಮೂರು ದಿನದಿಂದ ಅವಳದೇ ಜಪ. ನೀನೇ ಹೋಗಿ ಕೇಳಿಸ್ಕೊಳ್ಳೋ, ಪುಸ್ತಕದ ಹುಳ’ ಅಂದ್ರು."

ಅವಳು ಬಾಗಿಲನ್ನು ಪೂರ್ತಿ ತೆರೆದಳು.

"ಆದ್ರೆ... ಅಲಂಪು ಆಗದೆ ಹೇಗೆ ಹೇಳ್ಲಿ?"

"ಕಾಯ್ತೀನಿ."

"ಅಚ್ಚುಮನೆಯವರು?"

"ಬೈತಾರೆ. ಬೈಲಿ."

ಅವಳು ಚಹಾ ಮಾಡಿದಳು. ಇದ್ದೊಂದು ಲೋಟ ಅವನಿಗೆ, ತನಗೆ ಬಟ್ಟಲು. ಅವನು ಕೊನೆಯ ಹನಿಯವರೆಗೂ ಕುಡಿದು "ಚೆನ್ನಾಗಿದೆ" ಎಂದ. ಅವಳು ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಸಕ್ಕರೆಯೇ ಹಾಕಿರಲಿಲ್ಲ!

"ಇದನ್ನ ಹೇಗ್ರೀ ಕುಡಿದ್ರಿ?"

"ಹೇಳಿದ್ರೆ ಲೋಟ ವಾಪಸ್ ತಗೋತೀರೇನೋ ಅಂತ..."

ಎಂಟು ತಿಂಗಳಿಂದ ಕಟ್ಟಿಕೊಂಡಿದ್ದ ನಗು ಒಮ್ಮೆಲೇ ಒಡೆಯಿತು. ನಗುನಗುತ್ತಲೇ ಕಣ್ಣು ತುಂಬಿತು.

"ಅಯ್ಯೋ... ಅಲಂಪಾಯ್ತು ಕಣ್ರೀ!"

ಅವನು ಜೇಬಿನಿಂದ ಪೆನ್ನು ತೆಗೆದ.

"ಯಾರಿಗೆ ಹೇಳಿದ್ದು ಅಂತ... ಏನು ಬರೀಲಿ?"

ಅವಳು ಪೆನ್ನು ಕಸಿದು, ‘ಗೋಡೆಗೆ’ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದಳು: ‘ಇವರಿಗೆ’.

ಓದಿದ ಅವನ ಕಿವಿ ಕೆಂಪಾಯಿತು.

"ಇವರು ಅಂದ್ರೆ ಯಾರು ಅಂತ ಅಚ್ಚುಮನೆಯಲ್ಲಿ ಕೇಳಿದ್ರೆ?"

ಅವಳು ಖಾಲಿ ಲೋಟವನ್ನು ಎತ್ತಿಕೊಂಡು ಒಲೆಯತ್ತ ತಿರುಗಿದಳು.

"ನಮ್ಮನೆಯವರು ಅನ್ನಿ. ಕೂತ್ಕೊಳ್ಳಿ... ಈ ಸಲ ಸಕ್ಕರೆ ಹಾಕ್ತೀನಿ."