ಶಂಖದ್ವೀಪದ ವಚನ

ಸಮುದ್ರದ ಮೀನುಗಳಿಗೆ ಇನ್ನೂ ರೆಕ್ಕೆಗಳಿದ್ದ ಕಾಲದಲ್ಲಿ ಮಕರಾವತಿಯೆಂಬ ರಾಜ್ಯವಿತ್ತು. ಅದರ ಅಧೀನದಲ್ಲಿ ಶಂಖದ್ವೀಪವಿತ್ತು. ದ್ವೀಪದವರು ಅರಸನಿಗೆ ಕಪ್ಪ ಸಲ್ಲಿಸಬೇಕು. ಆದರೆ ಅವರ ನ್ಯಾಯವೂ ನಾಲಗೆಯೂ ಅವರವೇ ಎಂದು ಹಿಂದಿನ ಅರಸನು ವಚನವಿತ್ತಿದ್ದನು. ಅಲ್ಲಿನ ಸಭೆಗೊಂದು ಕಟ್ಟಳೆ: ಮೊದಲು ಎದುರಾಳಿಯ ಅಹವಾಲನ್ನು ಅವನೇ ಒಪ್ಪುವಂತೆ ನುಡಿಯಬೇಕು, ಆಮೇಲೆ ತನ್ನದು.

ಆ ಅರಸನ ಮೊಮ್ಮಗನೂ ಈಗಿನ ಅರಸನೂ ಆದ ವಿಕ್ರಾಂತದೇವನ ಕಿವಿಯಲ್ಲಿ ಧೂಮಕೇಶನೆಂಬ ಮಾಂತ್ರಿಕನು ದ್ವೀಪದವರು ದಂಗೆಯೇಳುವರೆಂಬ ಸಂದೇಹವನ್ನು ಬಿತ್ತಿದನು. ಅರಸನನ್ನು ಆಕ್ಷೇಪಿಸಿದವರು ಕಲ್ಲಾಗುವಂತೆ ಮಂತ್ರ ಹಾಕಿದನು. ಒಂದು ದಿನ ಬೊಪ್ಪನೆಂಬ ತರುಣನು ಸಭೆಯಲ್ಲಿ ಎದ್ದು, “ಅರಸರ ಹಡಗುಗಳು ಮೀನುಮರಿಗಳ ಕೊಲ್ಲಿಯನ್ನು...” ಎಂದನು. ಎತ್ತಿದ ಕೈ ಎತ್ತಿದಂತೆಯೇ ಕಲ್ಲಾಯಿತು.

ಸಭೆಯು ಅವನ ಅಕ್ಕ ಮಾಚಲೆಯನ್ನು ರಾಯಭಾರಿಯಾಗಿ ಕಳುಹಿಸಿತು.

“ಕತ್ತಿಯಾದರೂ ಇರಲಿ, ತಾಯಿ” ಎಂದನು ಅಂಬಿಗ.

“ಕತ್ತಿ ಹಿಡಿದು ಹೋದರೆ ಮಾಂತ್ರಿಕನು ಹೇಳಿದ್ದೇ ನಿಜವಾಗುತ್ತದೆ, ಅಣ್ಣಾ.”

ಅರಸನ ಕೋಟೆಯ ಮೊದಲ ಬಾಗಿಲಲ್ಲಿ ಅಗ್ನಿಪಕ್ಷಿಯಿತ್ತು; ಅದರ ಕಣ್ಣು ಮೇಲುಪ್ಪರಿಗೆಯಲ್ಲಿ ತೂಗುತ್ತಿದ್ದ ಪಂಜರದ ಮೇಲೆಯೇ ಇತ್ತು. “ನಿನ್ನ ಮರಿಗಳು ಮಾಂತ್ರಿಕನ ಪಂಜರದಲ್ಲಿವೆ, ಅದಕ್ಕೇ ಉರಿಯುತ್ತೀಯೆ” ಎಂದಳು ಮಾಚಲೆ. “ಹೌದು” ಎಂದು ಪಕ್ಷಿಯು ರೆಕ್ಕೆ ಮಡಿಸಿತು.

ಎರಡನೆಯ ಬಾಗಿಲಲ್ಲಿ ಕೋಟೆಯನ್ನೇ ಹೊತ್ತ ಶಿಲಾಗಜವಿತ್ತು. ಆತುರದಲ್ಲಿ ಅವಳು, “ನನ್ನ ತಮ್ಮನನ್ನು ಬಿಡಿಸಬೇಕು, ದಾರಿ ಬಿಡು!” ಎಂದುಬಿಟ್ಟಳು. ಅದೂ ಅರಸನ ಮೇಲಿನ ಆಕ್ಷೇಪವೇ ಆಗಿ ಅವಳ ಪಾದಗಳು ಕಲ್ಲಾದುವು. ಕಟ್ಟಳೆ ನೆನಪಾಗಿ ನುಡಿದಳು: “ತಲೆಮಾರುಗಳಿಂದ ಹೊತ್ತಿದ್ದೀಯೆ, ಭಾರವೇ ಎಂದು ಒಬ್ಬರೂ ಕೇಳಲಿಲ್ಲ.” ಆನೆಯ ಕಲ್ಲುಗಣ್ಣಿನಲ್ಲಿ ನೀರು ಮೂಡಿತು. ಕೋಟೆ ಅಲುಗದಂತೆ ಅದು ಮೆಲ್ಲನೆ ಸರಿಯಿತು. ಪಾದಗಳಿಗೆ ಜೀವ ಮರಳಿತು.

ಮೂರನೆಯ ಬಾಗಿಲಾಚೆ ಅರಸನೇ ಇದ್ದನು, ಪಕ್ಕದಲ್ಲಿ ಧೂಮಕೇಶ.

“ನಮ್ಮನ್ನು ಬೈಯುವುದೇ ನಿಮ್ಮ ದ್ವೀಪದ ಹಬ್ಬವಂತೆ?” ಎಂದನು.

“ಪ್ರಭು, ಮೊದಲು ತಮ್ಮ ಮಾತನ್ನೇ ಹೇಳುತ್ತೇನೆ, ತಪ್ಪಿದ್ದರೆ ತಿದ್ದಬೇಕು. ಇಂದು ದ್ವೀಪ ಮಾತಾಡಿದರೆ ನಾಳೆ ರಾಜಧಾನಿ ಮಾತಾಡೀತು. ಒಂದು ದಿನ ತಾವು ಬಂದಾಗ ಯಾರೂ ಏಳದೆ ಇದ್ದಾರು. ಇದೇ ತಮ್ಮ ಭಯ.”

ಅರಸನು ಕಿರೀಟವನ್ನು ಮುಟ್ಟಿಕೊಂಡು, “ಹೌದು” ಎಂದನು.

“ಇನ್ನು ನಮ್ಮದು. ತಮ್ಮ ಅಜ್ಜ ವಚನವಿತ್ತದ್ದು ಕಹಿ ಮಾತಿಗೆ, ಪ್ರಭು. ಹೊಗಳುವವರಿಗೆ ರಕ್ಷಣೆ ಏತಕ್ಕೆ?”

ಅರಸನು ಮಾಂತ್ರಿಕನತ್ತ ತಿರುಗಿದನು. “ಧೂಮಕೇಶ, ಈಗ ನೀನು ಇವಳ ಅಹವಾಲನ್ನು ಇವಳು ಒಪ್ಪುವಂತೆ ಹೇಳು.”

ದ್ವೀಪದವರ ಮಾತನ್ನು ಎಂದೂ ಕೇಳದಿದ್ದವನು ಬಾಯಿ ತೆರೆದನು. ಹೊರಟದ್ದು ಹೊಗೆ ಮಾತ್ರ. ಅರಸನ ಅಡಗಿದ ಭಯವನ್ನೇ ಉಂಡು ಬೆಳೆದಿದ್ದ ಮಂತ್ರಕ್ಕೆ ಆಹಾರ ತಪ್ಪಿತ್ತು. ಅವನೂ ಹೊಗೆಯಾಗಿ ಗವಾಕ್ಷಿಯಿಂದ ಹೊರಬಿದ್ದು ಕರಗಿಹೋದನು. ಪಂಜರ ಒಡೆದು ಅಗ್ನಿಪಕ್ಷಿಯ ಮರಿಗಳು ಕಿಡಿಗಳಂತೆ ಆಕಾಶಕ್ಕೆ ಹಾರಿದುವು.

ಅರಸನು ತಾನೇ ದ್ವೀಪಕ್ಕೆ ಬಂದನು. ಅವನ ಕಣ್ಣೆದುರಿಗೇ ಬೊಪ್ಪನ ತುಟಿಗಳಿಗೆ ಬಣ್ಣವೇರಿತು.

“...ಕಲಕುತ್ತಿವೆ!” ಎಂದು ಅವನು ಮಾತು ಮುಗಿಸಿ, ಎದುರಿಗೆ ನಿಂತವನನ್ನು ಕಂಡು ಬೆಚ್ಚಿದನು. “ಅಕ್ಕಾ, ಇವರು ಯಾವಾಗ ಬಂದರು?”

ಸಭೆಯೆಲ್ಲ ನಕ್ಕಿತು. ಅರಸನು ನಗಲಿಲ್ಲ. ಕಿರೀಟವನ್ನು ತೆಗೆದು ಕೈಯಲ್ಲಿ ಹಿಡಿದು ಕೇಳಿದನು: “ನನ್ನ ಹಡಗುಗಳು ಕೊಲ್ಲಿಯನ್ನು ಕಲಕಿ ನಿಮ್ಮ ಮೀನುಮರಿಗಳನ್ನು ಕೊಲ್ಲುತ್ತಿವೆ. ಇದೇ ತಾನೇ ನಿನ್ನ ಅಹವಾಲು?”

“ಹೌದು, ಪ್ರಭು.”

ಮರುದಿನವೇ ಹಡಗುಗಳು ಬೇರೆ ದಾರಿ ಹಿಡಿದುವು. ಕೊಲ್ಲಿಯ ಮೀನುಗಳು ರೆಕ್ಕೆ ಬಿಚ್ಚಿ ದ್ವೀಪದ ಮೇಲೆ ಹಾರಿದುವು; ಅವುಗಳ ನೆರಳಿನಲ್ಲಿ ಎಲ್ಲರೂ ಬಾಯ್ತುಂಬ ಮಾತಾಡುತ್ತ ಸುಖವಾಗಿ ಬಾಳಿದರು.