ಮರೆತವನ ಮೇಲಿನ ಸಿಟ್ಟು

"ನನ್ನ ಮೂಗನ್ನೇ ನೋಡ್ತಾ ಇರಿ, ಕಣ್ಣು ಅಲ್ಲಾಡಿಸಬೇಡಿ," ಎಂದಳು ಕನ್ನಡಕದಂಗಡಿಯವಳು.

ಅವನು ನೋಡಿದ. ಅವಳು ಅವನ ಮೂಗಿನ ಮೇಲೆ ಅಳತೆಪಟ್ಟಿ ಹಿಡಿದು, ಕಣ್ಣಿಂದ ಕಣ್ಣಿಗೆ ಎಷ್ಟು ಅಂತರ ಎಂದು ಅಳೆಯುತ್ತಿದ್ದಳು. ಎರಡು ವರ್ಷದ ಹಿಂದೆ ಮದುವೆ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಅವಳನ್ನು ಕಾಯಿಸಿ, ಬಾರದೇ ಹೋದ ಮನುಷ್ಯ ಇವನೇ. ಈಗ ಗೇಣು ದೂರದಲ್ಲಿ ಕೂತಿದ್ದಾನೆ, ಕಣ್ಣಲ್ಲಿ ಗುರುತಿನ ಸುಳಿವೇ ಇಲ್ಲ.

"ನಿಮ್ಮ ಮೂಗು ಚೆನ್ನಾಗಿದೆ ರೀ," ಎಂದ ಮಹಾಶಯ.

ಅಳತೆಪಟ್ಟಿಯಲ್ಲೇ ಒಂದು ಬಾರಿಸಬೇಕು ಅನ್ನಿಸಿತು ಅವಳಿಗೆ.

ಆವತ್ತು ಅವನ ಬದಲು ಅವನ ಅಕ್ಕ ಬಂದು, "ಅವನು ಬರಲ್ಲ ಕಣಮ್ಮ," ಎಂದಷ್ಟೇ ಹೇಳಿ ತಿರುಗಿ ಹೋಗಿದ್ದಳು. ಕೈ ಹಿಡಿದು ಅಲುಗಿಸಿ ಕೇಳಿದರೂ ಯಾಕೆ ಅಂತ ಹೇಳಲಿಲ್ಲ. ಕೆಲವು ತಿಂಗಳ ಮೇಲೆ ಆ ಅಕ್ಕನದೇ ಫೋನು ಬಂತು. "ಅವನಿಗೆ ನಿನ್ನ ನೆನಪು ತೆಗೆಸಿಬಿಟ್ವಿ. ಎದುರಿಗೆ ಸಿಕ್ಕಿದ್ರೂ ಗುರುತು ತೋರಿಸಬೇಡ, ಪುಣ್ಯ ಬರುತ್ತೆ." ನೋವಿನ ನೆನಪನ್ನು ಹುಳುಕು ಹಲ್ಲಿನಂತೆ ಕಿತ್ತು ಕಳಿಸುವ ಕ್ಲಿನಿಕ್ಕುಗಳು ಈಗ ಎಲ್ಲಿಲ್ಲ ಹೇಳಿ! ಅವಳು ಮಾತ್ರ ಹಟಕ್ಕೆ ಬಿದ್ದು ಒಂದನ್ನೂ ಕೀಳಿಸಿಕೊಂಡಿರಲಿಲ್ಲ. ಅವನಿಗೋ, ಈ ಬೀದಿಯನ್ನು ತಪ್ಪಿಸಿಕೊಂಡು ಓಡಾಡಲು ಕಾರಣವೇ ಉಳಿದಿರಲಿಲ್ಲ. ಸೀದಾ ಅವಳ ಅಂಗಡಿಗೇ ಬಂದಿದ್ದ.

ಬಾ ಮಗನೇ, ಎಂದುಕೊಂಡಳು.

ಕನ್ನಡಕ ತಯಾರಾದಾಗ ಬಲಗಡೆಯ ಕಡ್ಡಿಯನ್ನು ಬಿಸಿ ಮಾಡಿ, ಕಿವಿಯ ಹಿಂದೆ ಒತ್ತುವಂತೆ ಒಂದು ಚೂರು ಬಗ್ಗಿಸಿ ಕೊಟ್ಟಳು. ಅವನು ಕಿವಿ ಉಜ್ಜಿಕೊಳ್ಳುತ್ತಾ ವಾಪಸ್ ಬಂದ. ಬಲಗಡೆಯದನ್ನು ಸರಿ ಮಾಡಿ ಎಡಗಡೆಯದನ್ನು ಕೆಡಿಸಿದಳು. ಮತ್ತೆ ಬಂದ. ಪ್ರತಿ ಸಲವೂ ಅವನ ಕಿವಿಯ ಹಿಂದೆ ಬೆರಳಾಡಿಸಿ, "ಇಲ್ಲಿ ನೋವಾ?" ಎಂದು ಕೇಳುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡು, "ಇನ್ನೂ ಸ್ವಲ್ಪ ಆ ಕಡೆ," ಎನ್ನುತ್ತಿದ್ದ. ಅವಳ ಬೆರಳು ಅಲ್ಲೇ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿತ್ತು. ಥೂ ನಿನ್ನ, ಎಂದು ತನಗೆ ತಾನೇ ಬೈದುಕೊಳ್ಳುತ್ತಿದ್ದಳು.

"ನಾನು ಲಿಫ್ಟ್ ಮೆಕ್ಯಾನಿಕ್ ಕಣ್ರೀ," ಎಂದ ಒಂದು ದಿನ. "ಇಷ್ಟುದ್ದ ಕಡ್ಡಿ ನೆಟ್ಟಗೆ ಮಾಡ್ಕೊಳ್ಳೋಕೆ ಬರಲ್ವಾ ನಂಗೆ? ನೀವು ಬೇಕೂಂತ ಮಾಡ್ತಿದೀರಾ ಅಂತ ಎರಡನೇ ಸಲಾನೇ ಗೊತ್ತಾಯ್ತು."

"ಮತ್ತೆ ಯಾಕೆ ಬರ್ತಿದ್ರಿ?"

"ನೀವು ಯಾಕೆ ಬಗ್ಗಿಸ್ತಿದ್ರಿ?"

ಅವಳ ಕೆನ್ನೆ ಬಿಸಿಯಾಯಿತು. ಮೊದಲಿಗಿಂತ ಹಗುರಾಗಿದ್ದ ಅವನು, ಬಾಯ್ತುಂಬ ನಗುತ್ತಿದ್ದ. ಆ ನಗು ಕಂಡಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಇವನ ಪಾಲಿನ ಭಾರವನ್ನೂ ತಾನೇ ಹೊತ್ತಿದ್ದಾಳಲ್ಲ, ನಗುವುದಕ್ಕೇನು ಕಷ್ಟ!

ಕೆಲವು ವಾರಗಳ ಮೇಲೆ ಮದುವೆಯಾಗೋಣ್ವಾ ಎಂದು ಅವನೇ ಕೇಳಿದ. ಅದೇ ನೋಂದಣಿ ಕಚೇರಿಯಲ್ಲಿ ಎಂದು ಅವಳು ಪಟ್ಟು ಹಿಡಿದಳು. ಅಕ್ಕನಿಗೆ ಹುಡುಗಿ ಯಾರೆಂದು ಆ ದಿನದವರೆಗೂ ಹೇಳಬಾರದು, ಸರ್‌ಪ್ರೈಸ್ ಇರಲಿ ಎಂದಳು.

ಆ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲ ಮೇಲೆ ನಿಂತಿದ್ದ. ರಸ್ತೆಯ ಆಚೆ ಬದಿಯಲ್ಲಿ ಅವಳು ಅವನ ಅಕ್ಕನನ್ನು ಅಡ್ಡಗಟ್ಟಿದಳು. ಅಕ್ಕ ಹಿಂದೆ ಸರಿದಳು.

"ನೀನಾ!"

"ನಾನೇ. ಹೋದ ಸಲ ಸುದ್ದಿ ತಂದವರು ನೀವು. ಈ ಸಲಾನೂ ನೀವೇ ಹೋಗಿ ಹೇಳಿ. ಅವಳು ಬರಲ್ಲ ಅಂತ."

"ನೀನು ಅವನ ಒದ್ದಾಟ ನೋಡಿಲ್ಲಮ್ಮ. ತಪ್ಪು ಮಾಡಿದೆ ತಪ್ಪು ಮಾಡಿದೆ ಅಂತ ಗೋಡೆಗೆ ತಲೆ ಚಚ್ಕೊಳ್ತಿದ್ದ. ಒಡಹುಟ್ಟಿದವಳು ನಾನು, ಇನ್ನೇನು ಮಾಡ್ಲಿ?"

"ನನ್ನ ಹತ್ರ ಕಳಿಸಬೇಕಿತ್ತು! ಆ ಒದ್ದಾಟ ನನಗೆ ಸೇರಿದ್ದು!"

ಅಕ್ಕ ರಸ್ತೆ ದಾಟಿದಳು. ದೂರದಿಂದ ಮಾತು ಕೇಳಿಸಲಿಲ್ಲ, ಅವನ ಮುಖ ಕಾಣಿಸಿತು. ನಗು ಇಳಿಯಿತು, ಅವನು ಕೂತುಬಿಟ್ಟ. ಅವಳಿಗೆ ಸಂತೋಷವಾಯಿತು. ಯಾಕೆ ಸುಳ್ಳು ಹೇಳಬೇಕು, ಎದೆ ತಣ್ಣಗಾಯಿತು. ಆದರೆ ಅವನು ಯಾಕೆ, ಯಾಕೆ ಎಂದು ಅಕ್ಕನ ಕೈ ಹಿಡಿದು ಅಲುಗಿಸುತ್ತಿದ್ದ. ಎರಡು ವರ್ಷದ ಹಿಂದೆ ಇದೇ ಮೆಟ್ಟಿಲ ಮೇಲೆ ಅವಳೂ ಅಕ್ಕನ ಕೈಯನ್ನು ಹಾಗೇ ಅಲುಗಿಸಿದ್ದಳು. ಅದನ್ನು ನೋಡುತ್ತಾ ನಿಲ್ಲಲು ಅವಳ ಕೈಲಾಗಲಿಲ್ಲ. ರಸ್ತೆ ದಾಟಿದಳು, ಅವನು ಮರೆತದ್ದನ್ನೆಲ್ಲ ಒಂದನ್ನೂ ಬಿಡದೆ ಅವನೆದುರು ಹೇಳಿದಳು.

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಆವತ್ತು ನಾನು ಯಾಕೆ ಬರಲಿಲ್ಲ?"

"ಅದನ್ನ ನಾನು ನಿನ್ನನ್ನ ಕೇಳಬೇಕಿತ್ತು ಕಣೋ! ಗೊತ್ತಿದ್ದವನು ನೀನೊಬ್ಬ. ಅದನ್ನೂ ಅಳಿಸ್ಕೊಂಡೆ. ಕ್ಷಮಿಸೋಣ ಅಂದ್ರೂ ತಪ್ಪು ಮಾಡಿದವನೇ ಇಲ್ಲ. ನಗ್ತಾ ನಗ್ತಾ ಇನ್ಯಾರೋ ಬಂದು ಕೂತಿದಾನೆ."

ಅವಳು ಅತ್ತಳು, ರಸ್ತೆಯ ಜನರೆಲ್ಲ ತಿರುಗಿ ನೋಡುವ ಹಾಗೆ.

ಅಕ್ಕ ಅವನ ತೋಳು ಹಿಡಿದಳು. "ಏಳಪ್ಪ. ನಾಳೆನೇ ಕ್ಲಿನಿಕ್‌ಗೆ ಹೋಗೋಣ. ಒಂದು ಗಂಟೆ ಕೆಲಸ, ಏನೂ ಇರಲ್ಲ."

ಕನ್ನಡಕದಂಗಡಿಯವಳ ಅಳು ಅರ್ಧಕ್ಕೇ ನಿಂತಿತು. ಎರಡನೇ ಸಲವೂ ಅವನು ತನ್ನನ್ನು ಅಳಿಸಿದರೆ? ಅವಳು ತೀರಿಸಿಕೊಂಡದ್ದಕ್ಕಿಂತ ದೊಡ್ಡ ಸೇಡು ಅವನ ಕೈಯಲ್ಲಿತ್ತು.

ಅವನು ಅವಳನ್ನೇ ನೋಡಿದ. ಎದ್ದು ಅಕ್ಕನ ಜೊತೆ ಹೊರಟುಹೋದ.

ಮರುದಿನ ಅವಳು ಅಂಗಡಿ ತೆರೆದಳು. ಬಾಗಿಲ ಗಾಜನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಮಧ್ಯಾಹ್ನ ಕಳೆಯಿತು. ಹೋಗಿರ್ತಾನೆ, ಅಳಿಸಿಕೊಂಡಿರ್ತಾನೆ, ಇನ್ನೊಂದು ವಾರಕ್ಕೆ ಬಂದು ನಿಮ್ಮ ಮೂಗು ಚೆನ್ನಾಗಿದೆ ಅಂತಾನೆ ಎಂದುಕೊಂಡಳು. ಹಾಗೇನಾದರೂ ಆದರೆ ಅಂಗಡಿಗೆ ಬೀಗ ಹಾಕಿ ಎಲ್ಲಾದರೂ ಹೊರಟುಹೋಗುವುದೇ ಸರಿ.

ಸಂಜೆ ಬಾಗಿಲು ತಳ್ಳಿಕೊಂಡು ಬಂದ. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಗೆ ಊದಿತ್ತು. ಅವಳು ಕೌಂಟರಿನ ಅಂಚು ಹಿಡಿದುಕೊಂಡಳು. ಗಿರಾಕಿಗೆ ಕೇಳುವಂತೆ, "ಏನು ಬೇಕಿತ್ತು?" ಎಂದಳು.

ಅವನು ಅವಳ ಮುಖವನ್ನು ದುರುಗುಟ್ಟಿಕೊಂಡು ನೋಡಿದ.

"ನಿಮ್ಮ ಮುಖ ನೋಡಿದ್ರೆ ಮೈ ಉರಿಯುತ್ತೆ ಕಣ್ರೀ."

ಎರಡು ವರ್ಷದಲ್ಲಿ ಯಾರೂ ಅವಳಿಗೆ ಅಷ್ಟು ಹಿತವಾದ ಮಾತು ಹೇಳಿರಲಿಲ್ಲ.

"ಒಳಗೆ ಬಾ," ಎಂದಳು. "ನನಗೂ ಉರಿಯುತ್ತೆ."