ಲಕ್ನೋಗೂ ಚಂಡೀಗಢಕ್ಕೂ ನಡುವೆ

ಕಡೂರು ಸ್ಟೇಷನ್ನಿನಲ್ಲಿ ಫಿಜಾಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಬೆಂಗಳೂರಿನ ರೈಲು ಇನ್ನೇನು ಬರುವುದರಲ್ಲಿತ್ತು. ಅಲ್ಲಿಂದ ವಿಮಾನ, ಮತ್ತದೇ ಚಂಡೀಗಢದ ಆಸ್ಪತ್ರೆಯ ಲ್ಯಾಬಿನ ಕೆಲಸ.

ಉಮರ್ ಫಾರೂಕನ ಜೊತೆ ಮಂಗ್ನಿ, ಅಂದರೆ ನಿಶ್ಚಿತಾರ್ಥ ಆಗಿ ವರ್ಷವಾಗುತ್ತ ಬಂದಿತ್ತು. ಆ ಪುಣ್ಯಾತ್ಮ ಮೆಸೇಜಿನಲ್ಲಿ ‘ಊಟ ಆಯ್ತಾ’ ಎನ್ನುವುದು ಬಿಟ್ಟು ಇನ್ನೊಂದು ಮಾತು ಬರೆದವನಲ್ಲ. ಇವತ್ತೂ ಬಾಯಿ ಬಿಡದಿದ್ದರೆ ಈ ಸಂಬಂಧವೇ ಬೇಡ ಎಂದುಬಿಡಬೇಕೆಂದು ಅವಳು ತೀರ್ಮಾನಿಸಿಕೊಂಡೇ ಬಂದಿದ್ದಳು.

ತರೀಕೆರೆಯಿಂದ ಬೈಕಿನಲ್ಲಿ ಬಂದ ಫಾರೂಕ್ ಬೆಂಚಿನ ಆ ತುದಿಯಲ್ಲಿ ನಿಂತ. ಈ ತುದಿಯಲ್ಲಿ ಫಿಜಾ. ನಡುವೆ ಅವಳ ದಾದಿ, ಅಪ್ಪನ ಅಮ್ಮ ಸೈದಾನಿ ಬಿ, ಬಾಯಿ ತುಂಬ ಎಲೆಅಡಿಕೆ. ನಿಕಾಹ್‌ಗೆ ಮುಂಚೆ ಹಿರಿಯರ ಎದುರು ಹುಡುಗ ಹುಡುಗಿ ನೇರ ಮಾತಾಡುವುದು ಅವರ ಮನೆಗಳಲ್ಲಿ ಇಲ್ಲ. ಏನಿದ್ದರೂ ದಾದಿಯ ಮೂಲಕವೇ.

“ದಾದಿಮಾ, ಬಿಸಿಲಲ್ಲಿ ಯಾಕೆ ಕೂತವ್ರೆ ಅಂತ ಕೇಳಿ.”

“ನಾನು ಈಗ್ಲಾದ್ರೂ ಕಣ್ಣಿಗೆ ಬಿದ್ನಾ ಅಂತ ಕೇಳಿ ದಾದಿಮಾ.”

ಫಾರೂಕನ ಕಿವಿ ಕೆಂಪಾಯಿತು. ಅವಳ ದುಪಟ್ಟಾದ ಅಂಚಿನವರೆಗೆ ಬಂದ ಅವನ ನೋಟ ಅಲ್ಲಿಂದಲೇ ವಾಪಸಾಯಿತು.

“ಟ್ರಾನ್ಸ್‌ಫರ್ ತಗೊಂಡೆ ಅಂತ ಹೇಳಿ. ನಮ್ ಕಂಪನಿ ಕೋಲ್ಡ್ ಸ್ಟೋರೇಜ್ ಮೆಶಿನ್ನು ಲಕ್ನೋದಲ್ಲೂ ಇದಾವೆ. ಮುಂದಿನ ತಿಂಗ್ಳು ಅಲ್ಲಿಗೇ ಹೋಗ್ತೀನಿ.”

“ಲಕ್ನೋ? ಅಲ್ಲೇನಿದೆಯಂತೆ?”

“ಸಂಜೆ ಕೆಲ್ಸ ಮುಗಿಸಿ ಬಸ್ ಹತ್ತಿದ್ರೆ ಚಂಡೀಗಢ ಅಲ್ವಾ? ಎರಡೂ ನಾರ್ತೇ ತಾನೇ? ನಮ್ ಕಡೂರು, ತರೀಕೆರೆ ಇದ್ದಂಗೆ.”

ಫಿಜಾ ಫೋನಿನಲ್ಲಿ ಮ್ಯಾಪ್ ತೆಗೆದು ದಾದಿಯ ಕೈಗಿಟ್ಟಳು. ದಾದಿ ಅದನ್ನು ನೋಡದೆಯೇ ಆಚೆ ದಾಟಿಸಿದಳು. ರಸ್ತೆಯಲ್ಲಿ ಏಳುನೂರು ಕಿಲೋಮೀಟರಿಗೂ ಮೇಲೆ. ವಿಮಾನದಲ್ಲಿ ಹಾರಿದರೂ ಒಂದೂಕಾಲು ಗಂಟೆ.

ಫಾರೂಕನ ಮುಖ ಸಣ್ಣದಾಯಿತು.

“ಸೈನ್ ಹಾಕೋ ಮುಂಚೆ ಇದನ್ನ ನೋಡ್ಲಿಲ್ವಾ ಅಂತ ಕೇಳಿ!”

“ಆ ಜಾಗ ಇನ್ಯಾರಿಗಾದ್ರೂ ಹೋಗ್ಬಿಟ್ರೆ ಅಂತ ಗಡಿಬಿಡೀಲಿ ಹಾಕ್ಬಿಟ್ಟೆ ದಾದಿಮಾ.” ಅವನ ದನಿ ಇಳಿಯಿತು. “ದೂರದಿಂದ ಊಟ ಆಯ್ತಾ, ಊಟ ಆಯ್ತಾ ಅಂತ ಕೇಳಿ ಕೇಳಿ ಸಾಕಾಗೋಯ್ತು. ಒಂದ್ಸಲನಾದ್ರೂ ಎದುರಿಗೆ ಕೂತು ಉಣ್ಬೇಕು ಅಂತ ಆಸೆ.”

ಅಷ್ಟರಲ್ಲಿ ರೈಲು ಬಂತು. ಬ್ಯಾಗು ಎತ್ತಿಕೊಟ್ಟವನು ಅವನೇ; ಹಿಡಿಕೆ ಬಿಡಲು ಇಬ್ಬರೂ ಒಂದಿಷ್ಟು ತಡ ಮಾಡಿದರು. ಬಾಗಿಲಲ್ಲಿ ನಿಂತು ಫಿಜಾ ಕಣ್ಣೊರೆಸಿಕೊಂಡಳು, ನಗುವೂ ಬಂದುಬಿಟ್ಟಿತು.

“ದಾದಿಮಾ, ನಡುವೆ ದಿಲ್ಲಿ ಸಿಗುತ್ತೆ ಅಂತ ಹೇಳಿ. ಅಲ್ಲೀವರ್ಗೂ ನಾನು ಬತ್ತೀನಿ ಅಂತ...”

ದಾದಿ ಎಲೆಅಡಿಕೆ ಉಗಿದು ಬಾಯಿ ಖಾಲಿ ಮಾಡಿಕೊಂಡಳು. “ನಂಗ್ಯಾಕೆ ಹೇಳ್ತೀಯೇ? ಅವ್ನಿಗೇ ಹೇಳು ಕಣೇ!”

ರೈಲು ಅಲುಗಿತು. ಫಿಜಾ ಮೊದಲ ಸಲ ಅವನ ಕಣ್ಣನ್ನು ಪೂರ್ತಿಯಾಗಿ ನೋಡಿದಳು.

“ದಿಲ್ಲಿಗೆ ಬನ್ನಿ. ಊಟ ಅಲ್ಲೇ ಮಾಡೋಣ.”

ಅವನು ಪ್ಲಾಟ್‌ಫಾರ್ಮಿನ ಮೇಲೆ ರೈಲಿನ ಜೊತೆಜೊತೆಗೇ ಹೆಜ್ಜೆ ಹಾಕಿದ. “ನಡುವೆ ಅಂದ್ರೆ... ನಮ್ ಬೀರೂರು ಇದ್ದಂಗಾ?”

“ಹೂಂ ಕಣ್ರೀ, ಬೀರೂರು ಅಂತ್ಲೇ ಅಂದ್ಕೊಳ್ಳಿ! ಈ ಸಲ ಮ್ಯಾಪ್ ಮಾತ್ರ ನೋಡ್ಕೊಂಡ್ ಬನ್ನಿ!”